ಅಡಗಿದ ದೋಷ, ಅರಿತವರ ಹೊಣೆ: ಉತ್ತರ ಬೆಂಗಳೂರಿನ ಮನೆ ಖರೀದಿದಾರರು ಮತ್ತು ಕಾನೂನು



ಇಂದು ನಾನು ಎತ್ತಿಕೊಂಡಿರುವ ವಿಷಯಕ್ಕೆ ಕಾನೂನಿನ ಗ್ರಂಥಗಳಲ್ಲಿ ಸಿಗುವ ಜಾಗ ಚಿಕ್ಕದು. ಸಂಬಳದ ಮೇಲೆ ಬದುಕುವ ಕುಟುಂಬದ ಪಾಲಿಗೆ ಮಾತ್ರ ಇದಕ್ಕಿಂತ ದೊಡ್ಡ ವ್ಯವಹಾರ ಇನ್ನೊಂದಿಲ್ಲ. ಉಳಿತಾಯವನ್ನೆಲ್ಲ ಸುರಿದು, ಇಪ್ಪತ್ತು ವರ್ಷಗಳ ಸಾಲ ಹೊತ್ತು ಮನೆ ಕೊಂಡಿದ್ದಾರೆ. ಕೊಳ್ಳುವಾಗ ಕಣ್ಣಿಗೆ ಬೀಳದಿದ್ದ ದೋಷವೊಂದು ಗೃಹಪ್ರವೇಶವಾದ ಮೇಲೆ ಹೊರಬೀಳುತ್ತದೆ. ಆಗ ಕಾನೂನು ಅವರ ಕೈಗೆ ಏನು ಕೊಡುತ್ತದೆ? ಎಷ್ಟು ಕೊಡುತ್ತದೆ? ಎಲ್ಲಿ ಕೈಬಿಡುತ್ತದೆ? ಈ ಮೂರು ಪ್ರಶ್ನೆಗಳನ್ನು ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ನೆಲದ ಮೇಲೆ ನಿಂತು ವಿಚಾರ ಮಾಡಬೇಕೆಂದಿದ್ದೇನೆ.

ನನ್ನ ವಾದದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಅಡಗಿದ ದೋಷದ ಕಾನೂನು ಮೂಲದಲ್ಲಿ ಅರಿವಿನ ಕಾನೂನು. ದೋಷ ಯಾರಿಗೆ ಗೊತ್ತಿತ್ತು, ಯಾರಿಗೆ ಗೊತ್ತಾಗಬಹುದಿತ್ತು, ಯಾವಾಗ ಗೊತ್ತಾಯಿತು ಎಂಬ ಮೂರು ಪ್ರಶ್ನೆಗಳ ಸುತ್ತಲೇ ನಮ್ಮ ಶಾಸನಗಳೆಲ್ಲ ಹೆಣೆದುಕೊಂಡಿವೆ. ಮಾರಿದವನನ್ನೂ ಕಟ್ಟಿದವನನ್ನೂ ಕಾನೂನು ಈ ಪ್ರಶ್ನೆ ಕೇಳುತ್ತದೆ. ಎಲ್ಲರಿಗಿಂತ ಹೆಚ್ಚು ತಿಳಿದಿರುವ ಮೂರನೆಯವರನ್ನು, ಅಂದರೆ ನಕ್ಷೆ, ಅಧಿಸೂಚನೆ, ಪರವಾನಗಿಗಳನ್ನು ಇಟ್ಟುಕೊಂಡಿರುವ ಸರ್ಕಾರಿ ಕಚೇರಿಗಳನ್ನು, ಅದು ಇನ್ನೂ ಗಟ್ಟಿಯಾಗಿ ಕೇಳಿಲ್ಲ.

1. ದೋಷಗಳು ಅಡಗುವ ಜಾಗ

ಆರ್.ಟಿ. ನಗರ, ಗಂಗಾನಗರಗಳಂಥ ಹಳೆಯ ಬಡಾವಣೆಗಳಲ್ಲಿ ದಶಕಗಳಷ್ಟು ಹಳೆಯ ಮನೆಗಳು ಕೈ ಬದಲಾಗುತ್ತಿವೆ. ಯಶವಂತಪುರದ ಸುತ್ತ ಹಿಂದೆ ಕಾರ್ಖಾನೆಗಳಿದ್ದ ಜಾಗಗಳಲ್ಲಿ ಬಹುಮಹಡಿ ವಸತಿ ಸಮುಚ್ಚಯಗಳು ಎದ್ದಿವೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿಯ ಹೊಲ, ತೋಟ, ಅಚ್ಚುಕಟ್ಟು ಭೂಮಿಗಳು ನಿವೇಶನಗಳಾದವು. ಹೀಗೆ ಒಂದೇ ದಿಕ್ಕಿನ ಊರಿನಲ್ಲಿ ನಾಲ್ಕು ಬಗೆಯ ದೋಷಗಳು ಎದುರಾಗುತ್ತವೆ.

ಮೊದಲನೆಯದು ಕಟ್ಟಡದ ದೋಷ: ಸೋರುವ ಚಾವಣಿ, ತುಕ್ಕು ಹಿಡಿದ ಕಂಬಿ, ಸುಣ್ಣಬಣ್ಣದ ಅಡಿಯಲ್ಲಿ ಮುಚ್ಚಿಹೋದ ಬಿರುಕು. ಎರಡನೆಯದು ಅನುಮತಿಯ ದೋಷ: ಮಂಜೂರಾದ ನಕ್ಷೆಯಲ್ಲಿಲ್ಲದ ಮಹಡಿ, ಪಡೆಯದೇ ಉಳಿದ ಸ್ವಾಧೀನಾನುಭವ ಪ್ರಮಾಣಪತ್ರ. ಜನ ಇದನ್ನು ಓಸಿ ಎಂದೇ ಕರೆಯುತ್ತಾರೆ. ಮೂರನೆಯದು ಹಕ್ಕಿನ ದೋಷ: ಮಾರಿದವನಿಗೆ ಮಾರುವ ಅಧಿಕಾರವೇ ಇರಲಿಲ್ಲ, ಅಥವಾ ಆ ಜಮೀನು ಆಗಲೇ ಭೂಸ್ವಾಧೀನದ ಅಧಿಸೂಚನೆಯೊಳಗೆ ಸೇರಿತ್ತು. ನಾಲ್ಕನೆಯದು ನೆಲದ ದೋಷ: ಮನೆ ನಿಂತಿರುವುದೇ ನೀರು ಹರಿಯುವ ದಾರಿಯಲ್ಲಿ.

ನಾಲ್ಕನೆಯದಕ್ಕೆ ಯಲಹಂಕದಲ್ಲೇ ಎಲ್ಲರೂ ಕಂಡ ನಿದರ್ಶನವಿದೆ. ಕೇಂದ್ರ ಸರ್ಕಾರಿ ನೌಕರರಿಗಾಗಿ ಕಟ್ಟಿದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್‌ಗೆ 2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ತುಂಬಿ ಹರಿದ ನೀರು ನುಗ್ಗಿತು. 2024ರ ಅಕ್ಟೋಬರ್‌ನಲ್ಲಿ ಮತ್ತೆ ಅದೇ ಸ್ಥಿತಿ. ನಿವಾಸಿಗಳನ್ನು ದೋಣಿಯಲ್ಲಿ ಹೊರಗೆ ಕರೆತರಬೇಕಾಯಿತು. ಅಲ್ಲಿ ಯಾರೋ ಏನನ್ನೋ ಮುಚ್ಚಿಟ್ಟು ಮಾರಿದರು ಎಂದು ನಾನು ಹೇಳುತ್ತಿಲ್ಲ. ನೆಲದ ಇಳಿಜಾರು ಮನೆಯ ಬೆಲೆಯಷ್ಟೇ ಮುಖ್ಯವಾದ ಸಂಗತಿ ಎಂಬುದಕ್ಕೆ ಮಾತ್ರ ಇದನ್ನು ನೆನೆಯುತ್ತಿದ್ದೇನೆ. ಜಕ್ಕೂರು ಕೆರೆಯ ಕೋಡಿ ನೀರು ರಾಚೇನಹಳ್ಳಿಗೆ, ಹೆಬ್ಬಾಳದ್ದು ನಾಗವಾರಕ್ಕೆ ಸಾಗುವ ಸರಪಳಿ ಇಲ್ಲಿನದು. ಕೊಂಡಿಗಳ ನಡುವಿನ ರಾಜಕಾಲುವೆ ಗ್ರಾಮ ನಕ್ಷೆಯಲ್ಲಿದೆ. ಮಾರಾಟದ ಕರಪತ್ರದಲ್ಲಿ ಇರುವುದಿಲ್ಲ.

ಕಾಲುವೆಯ ಅಂಚಿನಿಂದ ಎಷ್ಟು ಜಾಗ ಬಿಡಬೇಕೆಂಬ ನಿಯಮವೂ ಒಂದೇ ಆಗಿ ಉಳಿದಿಲ್ಲ. 2015ರ ನಗರ ಮಹಾಯೋಜನೆ ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಮೀಸಲು ಅಂತರ ಇಟ್ಟಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಕೆರೆಯ ಅಂತರವನ್ನು 75 ಮೀಟರ್‌ಗೆ ಏರಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಏರಿಕೆಯನ್ನು ರದ್ದುಪಡಿಸಿತು. ಹಾಗಾಗಿ ಒಂದು ಮನೆ ನಿಯಮಬದ್ಧವೋ ಅಲ್ಲವೋ ಎಂದು ತಿಳಿಯಬೇಕಾದರೆ ಅದರ ನಕ್ಷೆ ಮಂಜೂರಾದ ದಿನಾಂಕವನ್ನೂ ಕೇಳಬೇಕು.

2. ಹಳೆಯ ಶಾಸನದ ಮರೆತ ಬಲ

'ಕೊಳ್ಳುವವನೇ ಎಚ್ಚರವಾಗಿರಬೇಕು' ಎಂಬ ಸೂತ್ರವೇ ಆಸ್ತಿ ಕಾನೂನಿನ ಬುನಾದಿ ಎಂದು ಹಲವರು ನಂಬಿದ್ದಾರೆ. ಅದು ಅರ್ಧ ಸತ್ಯ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಕಲಮು ಮಾರುವವನ ಮೇಲೆ ಒಂದು ಹೊಣೆ ಹೊರಿಸಿದೆ. ಸ್ವತ್ತಿನಲ್ಲಾಗಲಿ ಅದರ ಹಕ್ಕಿನಲ್ಲಾಗಲಿ ಮಹತ್ವದ ದೋಷವಿದ್ದು, ಅದು ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂತಿದ್ದರೆ, ಅದನ್ನು ತಿಳಿಸಲೇಬೇಕು. ತಿಳಿಸದಿದ್ದರೆ ಆ ಮೌನವೇ ವಂಚನೆ ಎಂದು ಅದೇ ಕಲಮಿನ ಕೊನೆಯ ಭಾಗ ಸಾರುತ್ತದೆ.

ಇದರ ಜೊತೆಗೆ 1872ರ ಕರಾರು ಅಧಿನಿಯಮವನ್ನು ಓದಿಕೊಳ್ಳಬೇಕು. ನಿಜವನ್ನು ಬೇಕೆಂದೇ ಮರೆಮಾಚುವುದು 17ನೇ ಕಲಮಿನ ಪ್ರಕಾರ ವಂಚನೆ. ಹಾಗೆ ಪಡೆದ ಒಪ್ಪಿಗೆಯಿಂದ ಆದ ಕರಾರನ್ನು ರದ್ದುಪಡಿಸಿಕೊಳ್ಳುವ ಹಕ್ಕು 19ನೇ ಕಲಮಿನಿಂದ ಬರುತ್ತದೆ. ನಷ್ಟಭರ್ತಿಯ ದಾರಿ 73ರಲ್ಲಿದೆ. ಆದರೆ 19ನೇ ಕಲಮಿಗೆ ಒಂದು ವಿನಾಯಿತಿಯೂ ಉಂಟು. ಬರಿಯ ಮೌನದ ಮೂಲಕ ವಂಚನೆ ನಡೆದಿದ್ದು, ಖರೀದಿದಾರ ಸಾಮಾನ್ಯ ಶ್ರದ್ಧೆಯಿಂದ ನಿಜ ತಿಳಿಯಬಹುದಿತ್ತು ಎಂದಾದರೆ ಕರಾರು ರದ್ದಾಗುವುದಿಲ್ಲ. ವ್ಯಾಜ್ಯಗಳ ನಿಜವಾದ ಜಗ್ಗಾಟ ನಡೆಯುವುದು ಈ 'ಸಾಮಾನ್ಯ ಶ್ರದ್ಧೆ'ಯ ಅಳತೆಯ ಮೇಲೆಯೇ. ಮಾರಾಟಕ್ಕೆ ಮುಂಚೆ ಬಿರುಕಿಗೆ ಪುಟ್ಟಿ ಬಳಿದು ಬಣ್ಣ ಹಚ್ಚಿದವನು ಬರಿಯ ಮೌನಿಯಲ್ಲ. ಅವನದು ಮರೆಮಾಚುವ ಕ್ರಿಯೆ. ಅಂಥವನಿಗೆ ಈ ವಿನಾಯಿತಿಯ ಆಸರೆ ಸಿಗಬಾರದೆಂಬುದೇ ಶಾಸನದ ಆಶಯ.

ಆರ್.ಟಿ. ನಗರದ ಹಳೆಯ ಮನೆಯೊಂದನ್ನು ಅದರ ಮಾಲೀಕರಿಂದಲೇ ಕೊಂಡವರಿಗೆ ಉಳಿಯುವ ಮುಖ್ಯ ದಾರಿ ಇದೇ, ಸಿವಿಲ್ ನ್ಯಾಯಾಲಯದ್ದು. ತಾನು ವಾಸವಿದ್ದ ಮನೆಯನ್ನು ಮಾರುವ ವ್ಯಕ್ತಿ ಸೇವೆ ಒದಗಿಸುವವನಲ್ಲವಾದ್ದರಿಂದ ಗ್ರಾಹಕ ಕಾನೂನು ಸಾಮಾನ್ಯವಾಗಿ ಅಲ್ಲಿಗೆ ತಲುಪುವುದಿಲ್ಲ. ರೇರಾ ಎಂದೇ ಕರೆಯುವ 2016ರ ಸ್ಥಿರಾಸ್ತಿ ಕಾಯ್ದೆಯೂ ಅಷ್ಟೆ. ಅಂಥವರಿಗೆ ಒಂದೇ ಕಿವಿಮಾತು: ದೋಷ ಗೊತ್ತಾದ ಮೇಲೂ ಸುಮ್ಮನಿದ್ದು, ಮನೆಯನ್ನು ಒಡೆದು ಕಟ್ಟಿ, ಬಾಡಿಗೆಗೆ ಕೊಟ್ಟು ಅನುಭವಿಸಿದರೆ ಕ್ರಯವನ್ನು ರದ್ದುಪಡಿಸಿಕೊಳ್ಳುವ ಹಕ್ಕು ಸಡಿಲವಾಗುತ್ತದೆ. ಕೊನೆಗೆ ನಷ್ಟಭರ್ತಿಯ ಕೋರಿಕೆಯೊಂದೇ ಉಳಿಯಬಹುದು.

3. ರೇರಾ: ಅರಿವಿನ ಪ್ರಶ್ನೆಯನ್ನು ದಾಟಿದ ಶಾಸನ

2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದದ್ದು 2017ರ ಮೇ 1ರಂದು. ಕರ್ನಾಟಕದ ನಿಯಮಗಳು ಅದೇ ಜುಲೈನಲ್ಲಿ ಬಂದವು. ಇದರ 14ನೇ ಕಲಮಿನ 3ನೇ ಉಪಕಲಮು ಹಳೆಯ ಕಾನೂನಿಗಿಂತ ಒಂದು ಹೆಜ್ಜೆ ಮುಂದಿದೆ. ರಚನೆಯ ದೋಷವಿರಲಿ, ಕೆಲಸಗಾರಿಕೆ, ಗುಣಮಟ್ಟ, ಸೇವೆಗಳ ಕೊರತೆಯಿರಲಿ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷಗಳೊಳಗೆ ನಿರ್ಮಾಣಗಾರನ ಗಮನಕ್ಕೆ ತಂದರೆ ಆತ 30 ದಿನಗಳಲ್ಲಿ ಹಣ ಪಡೆಯದೆ ಸರಿಪಡಿಸಬೇಕು. ಇಲ್ಲವಾದರೆ ಪರಿಹಾರ ಕೊಡಬೇಕು. ಅವನಿಗೆ ದೋಷ ಗೊತ್ತಿತ್ತೇ ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಕಟ್ಟಿದವನು ತಿಳಿದಿರಬೇಕು ಎಂದು ಶಾಸನ ಭಾವಿಸಿಕೊಂಡಿದೆ.

ಈ ಐದು ವರ್ಷ ದೋಷವನ್ನು ತಿಳಿಸಲು ಇರುವ ಅವಧಿ. ಆದ್ದರಿಂದ ತಿಳಿಸಿದ್ದಕ್ಕೆ ದಾಖಲೆ ಇರಲೇಬೇಕು. ಮೇಸ್ತ್ರಿಗೆ ಬಾಯಿಮಾತಿನಲ್ಲಿ ಹೇಳಿದ್ದು, ಸೆಕ್ಯುರಿಟಿಯವರ ಪುಸ್ತಕದಲ್ಲಿ ಬರೆಸಿದ್ದು ಸಾಲದು. ನೋಂದಾಯಿತ ಅಂಚೆ ಮತ್ತು ಇ-ಮೇಲ್ ಎರಡರಲ್ಲೂ ದಿನಾಂಕದೊಡನೆ ತಿಳಿಸಬೇಕು. ಮರುಮಾರಾಟದಲ್ಲಿ ಫ್ಲ್ಯಾಟ್ ಕೊಂಡವರೂ ನಿರಾಶರಾಗಬೇಕಿಲ್ಲ. 'ಹಂಚಿಕೆದಾರ' ಎಂಬುದರ ವ್ಯಾಖ್ಯೆಯಲ್ಲಿ ಆಮೇಲೆ ಹಕ್ಕು ಪಡೆದವರನ್ನೂ ಕಾಯ್ದೆ ಸೇರಿಸಿಕೊಂಡಿದೆ. ಬಾಡಿಗೆದಾರರನ್ನು ಮಾತ್ರ ಹೊರಗಿಟ್ಟಿದೆ. ಜಾಹೀರಾತು, ಕರಪತ್ರಗಳಲ್ಲಿನ ಸುಳ್ಳು ಹೇಳಿಕೆಗಳಿಗೆ 12ನೇ ಕಲಮಿನಡಿ ಹೊಣೆಗಾರಿಕೆ ಇದೆ.

ಎಲ್ಲಿ ದೂರು ಕೊಡಬೇಕು ಎಂಬುದರಲ್ಲಿ ಅನೇಕರು ಎಡವುತ್ತಾರೆ. 2021ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಗಡಿ ಎಳೆದಿದೆ: ಹಣ ವಾಪಸಿ ಮತ್ತು ಅದರ ಬಡ್ಡಿ ರೇರಾ ಪ್ರಾಧಿಕಾರದ ಮುಂದೆ, 12, 14, 18, 19ನೇ ಕಲಮುಗಳಡಿಯ ಪರಿಹಾರ ನಿರ್ಣಾಯಕ ಅಧಿಕಾರಿಯ ಮುಂದೆ. ತಪ್ಪು ಬಾಗಿಲು ತಟ್ಟಿದರೆ ವರ್ಷಗಳೇ ಕಳೆದುಹೋಗುತ್ತವೆ. ಆದೇಶ ಬಂದ ಮೇಲಿನ ವಸೂಲಿ ಇನ್ನೊಂದು ಕಷ್ಟ. 40ನೇ ಕಲಮು ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಹೇಳುತ್ತದೆ. ಆ ಕೆಲಸ ಕಂದಾಯ ಇಲಾಖೆಯದು. ಆದೇಶ ಗೆದ್ದ ಖರೀದಿದಾರರು ತಹಶೀಲ್ದಾರರ ಕಚೇರಿಗೆ ಅಲೆಯುವ ಸ್ಥಿತಿ ಕಾಯ್ದೆಯ ದೊಡ್ಡ ಕೊರತೆ.

ಐದು ವರ್ಷ ಸಾಕೇ ಎಂಬುದೂ ಕೇಳಬೇಕಾದ ಪ್ರಶ್ನೆ. ಕಂಬಿಯ ತುಕ್ಕು, ತಳಪಾಯದ ಕುಸಿತಗಳು ಆ ಗಡುವಿನೊಳಗೇ ಹೊರಬೀಳಬೇಕೆಂದಿಲ್ಲ. ಫ್ರಾನ್ಸಿನಲ್ಲಿ ಕಟ್ಟಿದವರ ಹೊಣೆ ಹತ್ತು ವರ್ಷ. 1978ರ ಶಾಸನದ ಮೂಲಕ ಕಡ್ಡಾಯ ವಿಮೆಯೂ ಅದಕ್ಕೆ ಜೊತೆಯಾಯಿತು. ಬ್ರಿಟನ್ 2022ರ ಕಟ್ಟಡ ಸುರಕ್ಷತಾ ಶಾಸನದಲ್ಲಿ ವಾಸಯೋಗ್ಯವಲ್ಲದ ಮನೆಗಳ ದಾವೆಯ ಅವಧಿಯನ್ನು ಆರರಿಂದ ಹದಿನೈದು ವರ್ಷಕ್ಕೆ ಏರಿಸಿತು. ಹಿಂದೆಯೇ ಮುಗಿದ ಮನೆಗಳಿಗೆ ಮೂವತ್ತು ವರ್ಷ ಕೊಟ್ಟಿತು. ನಮ್ಮ ರೇರಾದ 16ನೇ ಕಲಮಿನಲ್ಲೂ ಹಕ್ಕಿಗೆ ಮತ್ತು ನಿರ್ಮಾಣಕ್ಕೆ ವಿಮೆ ಮಾಡಿಸುವ ಅವಕಾಶವಿದೆ. ಕರ್ನಾಟಕದಲ್ಲಿ ಅದು ಇನ್ನೂ ವಾಡಿಕೆಗೆ ಬಂದಿಲ್ಲ.

4. ಗ್ರಾಹಕ ಆಯೋಗದ ದಾರಿ

ವಸತಿ ನಿರ್ಮಾಣವೂ 'ಸೇವೆ' ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಪಿತ್ತಿತು. ಸರ್ಕಾರಿ ಸಂಸ್ಥೆಗಳೂ ಉತ್ತರದಾಯಿಗಳೇ ಎಂದು ಆ ತೀರ್ಪು ಸಾರಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ ಬಂದಿದೆ: ಗ್ರಾಹಕನಿಗೆ ಬೇಕಾದ ಮಾಹಿತಿಯನ್ನು ಬೇಕೆಂದೇ ತಡೆಹಿಡಿಯುವುದೂ 'ಸೇವಾ ನ್ಯೂನತೆ' ಎಂದು ಅದು ಬರೆದಿಟ್ಟಿದೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲ್ಪಟ್ಟರೆ ರಾಷ್ಟ್ರೀಯ ಆಯೋಗ. ದೂರಿಗೆ ಎರಡು ವರ್ಷಗಳ ಗಡುವು. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದು.

ರೇರಾ ಬಂದ ಮೇಲೆ ಈ ದಾರಿ ಮುಚ್ಚಿತೇ ಎಂಬ ಸಂಶಯವನ್ನು 2020ರ ನವೆಂಬರ್‌ನಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣ ನಿವಾರಿಸಿತು: ಎರಡೂ ತೆರೆದಿವೆ, ಆಯ್ಕೆ ಖರೀದಿದಾರರದು. ಒಂದೇ ಪರಿಹಾರಕ್ಕಾಗಿ ಎರಡೂ ಕಡೆ ಹೋಗುವುದು ಸಲ್ಲ. ಮನೆಯ ಸ್ವಾಧೀನ ಪಡೆದ ಮಾತ್ರಕ್ಕೆ ದೂರಿನ ಹಕ್ಕು ಹೋಗುವುದಿಲ್ಲ ಎಂದು 2023ರ ದೇಬಾಶಿಸ್ ಸಿನ್ಹಾ ತೀರ್ಪು ಹೇಳಿದೆ. ಓಸಿ ದೊರಕಿಸಿಕೊಡದೇ ಇರುವುದು ಮುಂದುವರಿಯುವ ತಪ್ಪು ಎಂದು 2022ರ ಸಮೃದ್ಧಿ ಸೊಸೈಟಿ ತೀರ್ಪು ಹೇಳಿದ್ದರಿಂದ ಆ ಬಗೆಯ ದೂರಿಗೆ ಗಡುವಿನ ಭಯವೂ ಕಡಿಮೆ.

ನೆರೆಹೊರೆಯವರೆಲ್ಲ ಸೇರಿ ಹೋರಾಡುವವರು ಬೆಂಗಳೂರಿನದೇ ಎರಡು ತೀರ್ಪುಗಳನ್ನು ನೆನಪಿಡಬೇಕು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಅಡಿ ರಚನೆಯಾದ ಸಂಘ 'ಸ್ವಯಂಪ್ರೇರಿತ ಗ್ರಾಹಕ ಸಂಘ'ವಲ್ಲವಾದ್ದರಿಂದ ಅದರ ದೂರು ನಿಲ್ಲದು ಎಂದು 2020ರ ಶೋಭಾ ಹೈಬಿಸ್ಕಸ್ ತೀರ್ಪು ಹೇಳಿತು. ಬ್ರಿಗೇಡ್ ಸಂಸ್ಥೆಯ ವಸತಿ ಯೋಜನೆಯೊಂದರಲ್ಲಿ ಮನೆ ಕೊಂಡ 91 ಮಂದಿ ಒಟ್ಟಾಗಿ ತಂದ ಪ್ರಕರಣದಲ್ಲಿ 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯದ ದಾರಿಯೊಂದನ್ನು ತೋರಿತು: ಎಲ್ಲ ಖರೀದಿದಾರರ ಪರವಾದ ಪ್ರಾತಿನಿಧಿಕ ದೂರಾಗಿ ಅದು ನಿಲ್ಲದಿದ್ದರೂ, ಸಹಿ ಹಾಕಿದ ಅಷ್ಟೂ ಜನರ ಜಂಟಿ ದೂರಾಗಿ ನಿಲ್ಲುತ್ತದೆ. ರೇರಾದಲ್ಲಿ ಹಂಚಿಕೆದಾರರ ಸಂಘವೇ ನೇರವಾಗಿ ದೂರು ಕೊಡಬಹುದು. ಸಾಮಾನ್ಯ ಗೋಡೆ, ಚಾವಣಿ, ನೆಲಮಾಳಿಗೆಗಳ ದೋಷಕ್ಕೆ ಅದೇ ಹೆಚ್ಚು ಹೊಂದುವ ದಾರಿ.

5. ಹಕ್ಕಿನ ದೋಷ ಮತ್ತು ಯಲಹಂಕದ ಪಾಠ

ಇನ್ನು ಅತ್ಯಂತ ಕಠಿಣವಾದ ಹಕ್ಕಿನ ದೋಷಕ್ಕೆ ಬರೋಣ. ಯಲಹಂಕದ ಸುತ್ತಲಿನ 17 ಹಳ್ಳಿಗಳ 3,546 ಎಕರೆಯಲ್ಲಿ ಡಾ. ಕೆ. ಶಿವರಾಮ ಕಾರಂತ ಬಡಾವಣೆ ಮಾಡಲು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) 2008ರ ಡಿಸೆಂಬರ್ 30ರಂದು ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಮುಂದೆ ಹೈಕೋರ್ಟಿನಲ್ಲಿ ಅದು ರದ್ದಾಯಿತು. ಸರ್ಕಾರ ಕೆಲವು ಜಮೀನುಗಳನ್ನು ಕೈಬಿಟ್ಟಿತು. ಈ ನಡುವೆ ಜನ ನಿವೇಶನ ಕೊಂಡರು, ಮನೆ ಕಟ್ಟಿದರು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಬಡಾವಣೆ ಆಗಲೇಬೇಕು ಎಂದು ಆದೇಶಿಸಿತು. ಮಧ್ಯದಲ್ಲಿ ಎದ್ದಿದ್ದ ಮನೆಗಳ ಗತಿ ತೀರ್ಮಾನಿಸಲು 2020ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿ ಬೇಕಾಯಿತು. ಪಕ್ಕದ ಅರ್ಕಾವತಿ ಬಡಾವಣೆಯ ಕಥೆಯೂ ದೀರ್ಘ: 2003-04ರ ಅಧಿಸೂಚನೆಗಳು, 2010ರ ಸುಪ್ರೀಂ ಕೋರ್ಟ್ ತೀರ್ಪು, 2014ರ ಮರುಅಧಿಸೂಚನೆ, ಆಮೇಲೆ ನ್ಯಾಯಮೂರ್ತಿ ಕೆಂಪಣ್ಣ ಆಯೋಗ. ಅಲ್ಲಿ ಬಿಡಿಎಯಿಂದಲೇ ನಿವೇಶನ ಪಡೆದ ಅನೇಕರು ಸ್ವಾಧೀನಕ್ಕಾಗಿ ವರ್ಷಗಟ್ಟಲೆ ಕಾದರು.

ಇಂಥ ಜಮೀನನ್ನು ಕೊಂಡವರು ಋಣಭಾರ ಪ್ರಮಾಣಪತ್ರವನ್ನು, ಅಂದರೆ ಇಸಿಯನ್ನು, ನೋಡಿಯೇ ಕೊಂಡಿರುತ್ತಾರೆ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಭೂಸ್ವಾಧೀನದ ಅಧಿಸೂಚನೆ ಇರುವುದು ರಾಜ್ಯಪತ್ರದಲ್ಲಿ. ನಮ್ಮ ನೋಂದಣಿ ವ್ಯವಸ್ಥೆ ದಸ್ತಾವೇಜನ್ನು ನೋಂದಾಯಿಸುತ್ತದೆ, ಹಕ್ಕಿಗೆ ಖಾತರಿ ಕೊಡುವುದಿಲ್ಲ. ಬ್ಯಾಂಕಿನ ವಕೀಲರ ಅಭಿಪ್ರಾಯ ಬ್ಯಾಂಕಿನ ಸಾಲದ ರಕ್ಷಣೆಗೆ ಬರೆದದ್ದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನುಗಳ ಪರಭಾರೆ ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆಯನ್ನೂ ಇಲ್ಲಿ ನೆನೆಯಬೇಕು. ಮೂಲ ಮಂಜೂರಾತಿದಾರರಿಗೆ ನೆಲ ಮರಳಿಸುವ ಅರ್ಜಿಗೆ ಕಾಲಮಿತಿ ಅಡ್ಡಿಯಾಗಬಾರದೆಂದು 2023ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ಆ ಕಾಯ್ದೆಯ ಉದ್ದೇಶ ನ್ಯಾಯವಾದದ್ದು. ಕೊನೆಯ ಖರೀದಿದಾರರ ಕೋಪ ಮೂಲ ಮಂಜೂರಾತಿದಾರರ ಮೇಲೆ ಹರಿಯಬಾರದು. ಮಂಜೂರಾತಿಯ ವಿಷಯ ಮುಚ್ಚಿ ಮಾರಿದ ನಡುವಿನವರ ಮೇಲೆ ಹರಿಯಬೇಕು.

ಇಲ್ಲಿ ಖರೀದಿದಾರರಿಗೆ ಇರುವ ಆಸರೆ ಎರಡು. ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಕಲಮಿನ 2ನೇ ಉಪಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ತಾನು ಮಾರುತ್ತಿರುವ ಹಕ್ಕು ಇದೆ, ಮಾರುವ ಅಧಿಕಾರ ತನಗಿದೆ ಎಂಬ ಭರವಸೆಯನ್ನು ಮಾರುವವನು ಕೊಟ್ಟನೆಂದೇ ಕಾನೂನು ಭಾವಿಸುತ್ತದೆ. ಅವನಿಗೆ ದೋಷ ಗೊತ್ತಿತ್ತೆಂದು ರುಜುವಾತುಪಡಿಸಬೇಕಿಲ್ಲ. ಎರಡನೆಯದು ರೇರಾದ 18ನೇ ಕಲಮಿನ 2ನೇ ಉಪಕಲಮು: ಯೋಜನೆಯ ಜಮೀನಿನ ಹಕ್ಕು ದೋಷಯುಕ್ತವಾಗಿ ನಷ್ಟವಾದರೆ ನಿರ್ಮಾಣಗಾರ ಪರಿಹಾರ ಕೊಡಬೇಕು, ಆ ದಾವೆಗೆ ಕಾಲಮಿತಿಯ ಅಡ್ಡಿಯೇ ಇಲ್ಲ.

6. ದಿನಾಂಕ ಮತ್ತು ಪುರಾವೆ

ಈವರೆಗಿನ ಹೆಚ್ಚಿನ ದಾರಿಗಳು ಒಂದು ಕಡೆ ಕೂಡುತ್ತವೆ: ದೋಷ ಯಾವಾಗ ಗೊತ್ತಾಯಿತು? ವಂಚನೆಯ ಪ್ರಕರಣಗಳಲ್ಲಿ ಕಾಲಗಣನೆ ಶುರುವಾಗುವುದು ವಂಚನೆ ತಿಳಿದ ದಿನದಿಂದ, ಅಥವಾ ತಕ್ಕ ಶ್ರದ್ಧೆಯಿಂದ ತಿಳಿಯಬಹುದಾಗಿದ್ದ ದಿನದಿಂದ ಎಂದು 1963ರ ಕಾಲಮಿತಿ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಕರಾರು ರದ್ದತಿಯ ದಾವೆಗೆ ಮೂರು ವರ್ಷ. ಹಾಗಾಗಿ ಮೊದಲ ಸೋರಿಕೆಯ ಫೋಟೊ, ಮೊದಲ ನೋಟಿಸು, ಪಾಲಿಕೆ ಕೊಟ್ಟ ಮೊದಲ ತಿಳಿವಳಿಕೆ ಪತ್ರ, ಇವುಗಳ ದಿನಾಂಕಗಳೇ ಮೊಕದ್ದಮೆಯ ಬೆನ್ನೆಲುಬು.

ದುರಸ್ತಿಗೆ ಮುಂಚೆ ಸ್ವತಂತ್ರ ಸ್ಟ್ರಕ್ಚರಲ್ ಎಂಜಿನಿಯರರಿಂದ ವರದಿ ಪಡೆಯಬೇಕು. ಒಳಾಂಗಣಕ್ಕಾಗಿ ಗೋಡೆ ಒಡೆಸಿದ್ದೇ ಬಿರುಕಿಗೆ ಕಾರಣ ಎಂಬ ವಾದ ಎದುರು ಕಡೆಯಿಂದ ಬಂದೇ ಬರುತ್ತದೆ. ಅದಕ್ಕೆ ಉತ್ತರ ಆ ವರದಿಯಲ್ಲೇ ಇರಬೇಕು. ನ್ಯಾಯಾಲಯದಿಂದ ಸ್ಥಳ ತನಿಖೆಗೆ ಕಮಿಷನರ್ ನೇಮಕ ಕೋರಬಹುದು. ಮಂಜೂರಾದ ನಕ್ಷೆ, ಓಸಿ, ಅಧಿಸೂಚನೆಗಳ ದೃಢೀಕೃತ ಪ್ರತಿಗಳನ್ನು ಮಾಹಿತಿ ಹಕ್ಕಿನಡಿ ಪಡೆಯಬಹುದು. ಓಸಿಯ ವಿಷಯದಲ್ಲಿ ಈಗ ಉದಾಸೀನ ಸಲ್ಲದು. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಓಸಿ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು ಹೇಳಿದ ಮೇಲೆ, ಅದರ ಬಿಸಿ ಬೆಂಗಳೂರಿನ ಸಾವಿರಾರು ಮನೆಗಳಿಗೆ ತಟ್ಟಿದೆ.

7. ಮೂರನೆಯ ಅರಿವುಳ್ಳವರು

ಸಭಿಕರೇ, ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಖರೀದಿದಾರನ 'ಸಾಮಾನ್ಯ ಶ್ರದ್ಧೆ'ಯನ್ನು ನ್ಯಾಯಾಲಯ ಅಳೆಯುವಾಗ, ಆ ಶ್ರದ್ಧೆಗೆ ಬೇಕಾದ ಮಾಹಿತಿ ಎಲ್ಲಿತ್ತು ಎಂದೂ ಕೇಳಬೇಕು. ಪಹಣಿ ಸರ್ಕಾರದ 'ಭೂಮಿ' ತಂತ್ರಾಂಶದಲ್ಲಿದೆ. ನೋಂದಣಿ 'ಕಾವೇರಿ'ಯಲ್ಲಿದೆ. ಖಾತಾ 'ಇ-ಆಸ್ತಿ'ಯಲ್ಲಿದೆ. ಕೆರೆ, ಕಾಲುವೆ, ಸರ್ಕಾರಿ ಜಮೀನುಗಳ ಗಡಿ 'ದಿಶಾಂಕ್'ನಲ್ಲಿ ಕಾಣುತ್ತದೆ. ಭೂಸ್ವಾಧೀನದ ವಿವರ ಬಿಡಿಎಯಲ್ಲಿ, ಮಂಜೂರಾತಿಯ ಕಡತ ತಹಶೀಲ್ದಾರರಲ್ಲಿ, ಓಸಿ ಪಾಲಿಕೆಯಲ್ಲಿ. ಇವೆಲ್ಲವೂ ಒಂದೇ ಸರ್ಕಾರದ ಅರಿವು. ಉಪನೋಂದಣಾಧಿಕಾರಿಯ ಮುಂದೆ ಬೆರಳಚ್ಚು ಒತ್ತುವ ಕ್ಷಣದಲ್ಲಿ ಇವು ಒಂದನ್ನೊಂದು ಮಾತಾಡಿಸುವುದಿಲ್ಲ. ಮುದ್ರಾಂಕ ಶುಲ್ಕವನ್ನು ಪೂರ್ತಿ ಕಟ್ಟಿಸಿಕೊಂಡ ಸರ್ಕಾರ, ಆ ನೆಲ ತನ್ನದೇ ಅಧಿಸೂಚನೆಯೊಳಗಿದೆ ಎಂಬ ಸಂಗತಿಯನ್ನು ಆ ದಿನ ಹೇಳದೆ, ವರ್ಷಗಳ ನಂತರ ತೆರವಿನ ನೋಟಿಸಿನಲ್ಲಿ ಹೇಳುತ್ತದೆ. ಖಾಸಗಿ ವ್ಯಕ್ತಿಯ ಇಂಥ ಮೌನವನ್ನು 1882ರ ಶಾಸನ ವಂಚನೆ ಎಂದು ಕರೆದಿರುವಾಗ, ಕಚೇರಿಗಳ ಮೌನಕ್ಕೆ ಬೇರೆ ತಕ್ಕಡಿ ಏಕೆ?

ಈ ಕೊರತೆ ತುಂಬುವುದು ಅಸಾಧ್ಯವೇನಲ್ಲ. 2024ರಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿರುವುದು ಎರಡು ಇಲಾಖೆಗಳನ್ನು ಜೋಡಿಸಬಹುದೆಂಬುದಕ್ಕೆ ಸಾಕ್ಷಿ. ಅದೇ ಜೋಡಣೆ ಮುಂದುವರಿಯಬೇಕು. ಕ್ರಯಪತ್ರ ನೋಂದಣಿಯಾಗುವ ಮುಂಚೆ, ಆ ಸರ್ವೆ ನಂಬರಿನ ಮೇಲೆ ಭೂಸ್ವಾಧೀನದ ಅಧಿಸೂಚನೆ ಇದೆಯೇ, ಮಂಜೂರಾತಿ ಜಮೀನೇ, ರಾಜಕಾಲುವೆಯ ಮೀಸಲು ಅಂತರದೊಳಗಿದೆಯೇ, ಓಸಿ ಇದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಸರ್ಕಾರವೇ ಕನ್ನಡದಲ್ಲಿ ಲಿಖಿತ ಉತ್ತರ ಕೊಡಬೇಕು. ಉತ್ತರ ತಪ್ಪಾಗಿದ್ದರೆ ಅದನ್ನು ನಂಬಿ ಕೊಂಡವರಿಗೆ ಸರ್ಕಾರ ಪರಿಹಾರ ಕೊಡಬೇಕು. ಅದರ ಜೊತೆಗೆ ರೇರಾದ ವಿಮೆಯ ಕಲಮು ಜಾರಿಗೆ ಬರಬೇಕು, ರಚನೆಯ ದೋಷದ ಅವಧಿ ಐದರಿಂದ ಹತ್ತು ವರ್ಷಕ್ಕೆ ಏರಬೇಕು, ವಸೂಲಿಗೆಂದೇ ಬೇರೆ ಅಧಿಕಾರಿಗಳಿರಬೇಕು.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ನಗರ ಪಾಲಿಕೆಗಳಾಗಿ ವಿಂಗಡಣೆಯಾಗಿ, ಉತ್ತರಕ್ಕೂ ತನ್ನದೇ ಪಾಲಿಕೆ ಬಂದಿದೆ. ಕೆರೆ, ಕಾಲುವೆ, ಅಧಿಸೂಚಿತ ಹಳ್ಳಿಗಳೆಲ್ಲ ಒತ್ತೊತ್ತಾಗಿರುವ ಈ ಭಾಗದಲ್ಲಿ ಇಂಥ ಪ್ರಯೋಗ ಮೊದಲು ನಡೆಯುವುದು ಉಚಿತ. ಅದು ನಡೆಯುವವರೆಗೆ ಖರೀದಿದಾರರು ನೋಟಿಸು, ದಿನಾಂಕ, ವರದಿಗಳನ್ನೇ ನೆಚ್ಚಿ ಹೋರಾಡಬೇಕಾಗುತ್ತದೆ. ಕಾನೂನಿನಲ್ಲಿ ಅವರಿಗೆ ನೆಲೆಯಿದೆ ಎಂಬುದನ್ನು ತೋರಿಸಲು ಇಲ್ಲಿ ಪ್ರಯತ್ನಿಸಿದ್ದೇನೆ. ಆದರೆ ತಿಳಿದವರು ತಿಳಿಸಬೇಕೆಂಬ ಹೊಣೆ ಮೊದಲೇ ಪಾಲನೆಯಾದರೆ, ಈ ಕುಟುಂಬಗಳ ಅರ್ಧಕ್ಕರ್ಧ ವ್ಯಾಜ್ಯಗಳು ಹುಟ್ಟುವುದೇ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ಆ ಹೊಣೆಯನ್ನು ಮಾರುವವರಿಂದಲೂ ಕಟ್ಟುವವರಿಂದಲೂ ಆಳುವವರಿಂದಲೂ ಸಮನಾಗಿ ಕೇಳುವುದು ನಾಗರಿಕರಾದ ನಮ್ಮ ಕರ್ತವ್ಯ.